ಬಸ್ಸಿಗಾಗಿ ಬಿಟ್ಟ ಹದಿಮೂರನೇ ರೀಲು

ಬೆಳಗಿನ ಆರು ಗಂಟೆ. ಕೊಪ್ಪದ ಹಿಂಬೀದಿಯ ಕೋಣೆಯಲ್ಲಿ ದೇವರಾಜ ಭತ್ತದ ಹೊಟ್ಟು ತುಂಬಿದ ಡ್ರಮ್ಮಿಗೆ ಮೊಳಕೈವರೆಗೆ ಕೈ ಹಾಕಿ ತಗಡಿನ ಡಬ್ಬಿಯೊಂದನ್ನು ಎಳೆಯುತ್ತಾರೆ. ಒಳಗೆ ಸಿನಿಮಾ ರೀಲು. ಹೊಟ್ಟು ತೇವ ಹೀರುತ್ತದೆ. ಈ ಸೀಮೆಯಲ್ಲಿ ಬೂಷ್ಟು ತಡೆಯಲು ಅವರೇ ಕಂಡುಕೊಂಡ ಉಪಾಯ. ಎಪ್ಪತ್ತೆರಡರ ವಯಸ್ಸಿನಲ್ಲೂ ದಿನಕ್ಕೆ ಮೂವತ್ತು ಅಡಿ ಒರೆಸಿ, ಹರಿದ ಅಂಚಿಗೆ ತೇಪೆ ಹಾಕುತ್ತಾರೆ. ಒಂದು ರೀಲೆಂದರೆ ಸಾವಿರ ಅಡಿ. ಇವರಿಗೊಂದು ಹಾರ ಹಾಕಲು ಯಾವ ಸಂಘಕ್ಕೂ ಪುರುಸೊತ್ತಿಲ್ಲ.

ಯೌವನದಲ್ಲಿ ಇವರು ಟೂರಿಂಗ್ ಟಾಕೀಸಿನ ಆಪರೇಟರ್. ಮುತ್ತಿನಕೊಪ್ಪದ ಟೆಂಟಿನಲ್ಲಿ ಹಳೆಯ ಕಪ್ಪು-ಬಿಳುಪು ಸಂಸಾರದ ಚಿತ್ರವೊಂದನ್ನು ಹದಿನೆಂಟು ದಿನ ಓಡಿಸಿದರು. ಹೆಂಡತಿ ಗುಟ್ಟಾಗಿ ಯಾರಿಗೋ ಪತ್ರ ಬರೆಯುತ್ತಾಳೆ, ಗಂಡ ಹೊಟ್ಟೆಕಿಚ್ಚಿನಲ್ಲಿ ಬೇಯುತ್ತಾನೆ. ಆ ಪತ್ರ ಹೋಗುತ್ತಿದ್ದುದು ಜೈಲು ಸೇರಿದ ಅವಳ ಅಣ್ಣನಿಗೆ ಎಂದು ತಿಳಿಯುವುದು ಹದಿಮೂರನೇ ರೀಲಿನಲ್ಲಿ. ದೇವರಾಜ ಅದನ್ನೇ ಹಾಕುತ್ತಿರಲಿಲ್ಲ!

“ಎಂತ ಮಾಡೋದು ಮಾರಾಯ್ರೆ, ಕೊನೇ ಬಸ್ ತಪ್ಪಿದ್ರೆ ಜನ ನನ್ನ ಚರ್ಮ ಸುಲೀತಿದ್ರು. ಹನ್ನೆರಡಾದ್ಮೇಲೆ ಸೀದಾ ಹದಿನಾಲ್ಕು. ಗಂಡ-ಹೆಂಡ್ತಿ ಒಂದಾಗಿ ಅಳ್ತಾರೆ, ಜನ ಕಣ್ಣೊರೆಸ್ಕಂಡು ಬಸ್ ಹತ್ತೋರು,” ಎಂದು ದೇವರಾಜ ನಮಗೆ ಹೇಳುತ್ತಾರೆ.

ಹೀಗಾಗಿ ಹೆಂಡತಿ ತಪ್ಪು ಮಾಡಿದಳು, ಗಂಡ ದೊಡ್ಡ ಮನಸ್ಸಿನಿಂದ ಕ್ಷಮಿಸಿದ ಎಂದೇ ಊರು ನಂಬಿತು. ಆಗಷ್ಟೇ ಮದುವೆಯಾಗಿದ್ದ ಅದೇ ಊರಿನ ಬೈರಪ್ಪ ಕೂಡ ನಂಬಿದರು. ಹೆಂಡತಿ ಗಿರಿಯಮ್ಮನಿಗೆ ಅಂದು ತವರಿನ ಪತ್ರ ಬಂದರೂ, ಇಂದು ಫೋನು ಬಂದರೂ ಒಂದೇ ಕೊಂಕು: “ನೀನೂ ಆ ಸಿನಿಮಾದೋಳೇ.” ನಲವತ್ತಾರು ವರ್ಷ! ಹೋದ ತಿಂಗಳು ಸಂತೆಯಲ್ಲಿ ಸಿಕ್ಕ ಗಿರಿಯಮ್ಮ ಇದನ್ನು ನಗುತ್ತಲೇ ಹೇಳಿದರು. ದೇವರಾಜರಿಗೆ ನಗು ಬರಲಿಲ್ಲ. ಟಾಕೀಸು ಮುಚ್ಚಿದಾಗ ಯಾರೂ ಒಯ್ಯದ ಆ ಚಿತ್ರದ ಪ್ರಿಂಟು ಅವರ ಬಳಿಯೇ ಇತ್ತು. ಅಂದೇ ಹದಿಮೂರನೇ ರೀಲನ್ನು ಹೊರತೆಗೆದು ರಿಪೇರಿಗೆ ಕೂತರು.

ಇವತ್ತು ಮೊದಲ ಬಸ್ಸಿಗೆ ದಂಪತಿ ಬಂದಿದ್ದಾರೆ. ಕಿಟಕಿಗೆ ಗೋಣಿ ಕಟ್ಟಿದೆ, ಸುಣ್ಣದ ಗೋಡೆಯೇ ಪರದೆ, ಎದುರಿಗೆ ಟಾಕೀಸಿನ ಹಳೆಯ ಪ್ರೊಜೆಕ್ಟರ್. ಹನ್ನೊಂದು ನಿಮಿಷದ ರೀಲು ನಡುವೆ ಪಟ್ಟನೆ ಹರಿಯುತ್ತದೆ. “ಇಷ್ಟಕ್ಕೇ ಕರೆಸಿದ್ಯಾ?” ಎಂದು ಬೈರಪ್ಪ ಎದ್ದು ನಿಲ್ಲುತ್ತಾರೆ. “ಕೂತ್ಕಳ್ರಿ ಸುಮ್ನೆ!” ಗಿರಿಯಮ್ಮ ಗದರುತ್ತಾರೆ. ದೇವರಾಜ ಹರಿದದ್ದನ್ನು ಅಂಟಿಸಿ ಮತ್ತೆ ಓಡಿಸುತ್ತಾರೆ. ಗೋಡೆಯ ಮೇಲೆ ಅಣ್ಣ ತಂಗಿಯ ಕೈ ಹಿಡಿದು ಅಳುತ್ತಾನೆ. ರೀಲು ಮುಗಿಯುತ್ತದೆ.

ಬೈರಪ್ಪ ಗೋಡೆಯನ್ನೇ ನೋಡುತ್ತಾರೆ.

“ಏಳಿ, ಬಸ್ಸಿಗೆ ಹೊತ್ತಾತು,” ಎನ್ನುತ್ತಾರೆ ಗಿರಿಯಮ್ಮ.

“ಬಸ್ಸು ಹೋಗ್ಲಿ ಬಿಡೇ. ದೇವರಾಜ, ಇನ್ನೊಂದ್ಸಲ ಹಾಕು ಮಾರಾಯ.”

ದೇವರಾಜ ರೀಲನ್ನು ಹಿಂದಕ್ಕೆ ಸುತ್ತುತ್ತಾರೆ. “ಮುತ್ತಿನಕೊಪ್ಪದಲ್ಲಿ ಈ ಸಿನಿಮಾ ಪೂರ್ತಿ ಹಾಕ್ಬೇಕು ಸಾರ್, ಅದೊಂದೇ ಆಸೆ,” ಎನ್ನುತ್ತಾರೆ ನಮ್ಮತ್ತ ತಿರುಗಿ. “ಹದಿಮೂರನ್ನ ಎರಡ್ಸಲ.”