ಗೊರಕೆ ಮುಚ್ಚಿಟ್ಟ ವರ್ಷಗಳು

ನಮ್ಮಪ್ಪ ಖಾಸಗಿ ಬಸ್ಸಿನ ಡ್ರೈವರ್ ಆಗಿದ್ದರು. ಗುಬ್ಬಿಯಿಂದ ತುಮಕೂರು, ಹೆಬ್ಬೂರು ಹಾದು ಕುಣಿಗಲ್‌ಗೆ ಹೋಗಿ ಬರುವ ಟ್ರಿಪ್ಪು ಅವರದು. ಮಧ್ಯಾಹ್ನ ಊಟಕ್ಕೆ ಗುಬ್ಬಿಯ ಮನೆಗೆ ಬಂದು ಚಾಪೆ ಮೇಲೆ ಅಡ್ಡಾದರೆ ಮರುಗಳಿಗೆಗೇ ಗೊರಕೆ. ನಡುವೆ ಅದು ತಟ್ಟನೆ ನಿಂತುಹೋಗುತ್ತಿತ್ತು, ಉಸಿರೇ ಇರುತ್ತಿರಲಿಲ್ಲ. ಆಮೇಲೆ ನೀರಿನಿಂದ ಮೇಲೆದ್ದವರ ಹಾಗೆ ದೊಡ್ಡದೊಂದು ಉಸಿರು. ಅಮ್ಮ ಮೊದಲು ಹೋಗಿ ಕಿಟಕಿ ಮುಚ್ಚುತ್ತಿದ್ದರು. ಬಸ್ಸಿನ ಓನರ್ ಮನೆ ಅದೇ ಬೀದಿಯಲ್ಲಿತ್ತು. ಹೀಗೆ ಗೊರಕೆ ಹೊಡೆಯುವವನು ಸ್ಟೀರಿಂಗ್ ಹಿಡಿದೂ ತೂಕಡಿಸುತ್ತಾನೆ ಅನ್ನುವುದು ಡ್ರೈವರುಗಳ ಮನೆಯಲ್ಲಿ ಎಲ್ಲರಿಗೂ ಗೊತ್ತು. ಒಮ್ಮೆ ಹೆಸರು ಕೆಟ್ಟರೆ ಯಾರೂ ಬಸ್ಸು ಕೊಡುವುದಿಲ್ಲ.

ಅಪ್ಪ ತೂಕಡಿಸುತ್ತಲೂ ಇದ್ದರು. ಕಂಡಕ್ಟರು ಹೆಬ್ಬೂರು ದಾಟುವ ತನಕ ಅವರ ಪಕ್ಕ ನಿಂತು ಹರಟೆ ಹೊಡೆಯುತ್ತಿದ್ದದ್ದು ಬರೀ ಸ್ನೇಹಕ್ಕಲ್ಲ. ಬಸ್ಸು ತುಂಬ ಜನ ಇರುತ್ತಿದ್ದರು. ಅದನ್ನು ನೆನೆದರೆ ಈಗಲೂ ನನಗೆ ನಾಚಿಕೆಯಾಗುತ್ತದೆ.

ತೊಂಬತ್ತರ ದಶಕದ ಕೊನೆಗೆ ಅಪ್ಪನ ಕಾಲು ಊದಿಕೊಂಡವು. ತುಮಕೂರಿನ ಡಾಕ್ಟರು ಬಿ.ಪಿ. ನೋಡಿ, ಮೂತ್ರ ಪರೀಕ್ಷೆ ಮಾಡಿಸಿ, ಕಿಡ್ನಿಗೆ ಪೆಟ್ಟು ಬೀಳುತ್ತಿದೆ ಅಂದರು. ಮಾತ್ರೆ ನುಂಗಿದರೂ ಬಿ.ಪಿ. ಜಗ್ಗಲಿಲ್ಲ. ಎರಡನೇ ಸಲ ಹೋದಾಗ ಅವರು ಅಮ್ಮನನ್ನು ಕೇಳಿದರು.

"ಜೋರಾಗಿ ಗೊರಕೆ ಹೊಡೀತಾರೇನಮ್ಮ? ಮಧ್ಯೆ ಉಸಿರು ನಿಲ್ಲುತ್ತಾ?"

"ಇಲ್ಲ ಸಾರ್, ಮಗು ತರ ಮಲಗ್ತಾರೆ."

ಡಾಕ್ಟರು ನನ್ನ ಕಡೆ ನೋಡಿದರು. ನಾನಾಗ ಪಿಯುಸಿ ಓದುತ್ತಿದ್ದೆ. ನಾನೂ "ಇಲ್ಲ ಸಾರ್" ಅಂದೆ. ಅಷ್ಟು ಸಲೀಸಾಗಿ ಇನ್ಯಾವ ಸುಳ್ಳನ್ನೂ ಹೇಳಿದ ನೆನಪಿಲ್ಲ.

ನನ್ನ ಬಿ.ಎಡ್. ಮುಗಿದು ಶಾಲೆಯೊಂದರಲ್ಲಿ ಕೆಲಸ ಸಿಗುವ ಹೊತ್ತಿಗೆ ಅಪ್ಪನಿಗೆ ನಾಲ್ಕು ಥರದ ಮಾತ್ರೆ. ಕಿಡ್ನಿ ಕೆಡುತ್ತಲೇ ಇತ್ತು. ಬೇರೊಬ್ಬ ಡಾಕ್ಟರು ಅದೇ ಪ್ರಶ್ನೆ ಕೇಳಿದರು. ಅಮ್ಮ ಬಾಯಿ ತೆರೆಯುವ ಮೊದಲೇ ಅಪ್ಪ ಹೇಳಿಬಿಟ್ಟರು.

"ಹೊಡೀತೀನಿ ಸಾರ್. ಉಸಿರೂ ನಿಲ್ತದಂತೆ. ಇವ್ಳೇ ತಟ್ಟಿ ಎಬ್ಬಿಸ್ತಾಳೆ."

ನಿದ್ದೆಯಲ್ಲಿ ಉಸಿರು ನಿಂತಾಗಲೆಲ್ಲ ರಕ್ತದಲ್ಲಿ ಆಕ್ಸಿಜನ್ ಇಳಿಯುತ್ತದೆ, ಬಿ.ಪಿ. ಏರುತ್ತದೆ, ಮೊದಲೇ ಸೋತ ಕಿಡ್ನಿ ಅದರಿಂದ ಇನ್ನಷ್ಟು ಕೆಡಬಹುದು ಅಂತ ಡಾಕ್ಟರು ವಿವರಿಸಿದರು. ಕಿಡ್ನಿ ಕೆಟ್ಟು ಮೈಯಲ್ಲಿ ನೀರು ತುಂಬಿದರೆ ಉಸಿರಿನ ದಾರಿಯೂ ಇಕ್ಕಟ್ಟಾಗುತ್ತದಂತೆ.

"ಇಷ್ಟು ವರ್ಷ ಯಾಕ್ರೀ ಹೇಳ್ಲಿಲ್ಲ?"

"ಹೇಳಿದ್ರೆ ಬಸ್ಸು ಬುಡ್ಬೇಕಿತ್ತು ಸಾರ್. ಮಗಳ ಓದು ಮುಗೀಲಿ ಅಂತ ಕಾಯ್ತಿದ್ದೆ. ಈಗ ಮುಗೀತಲ್ಲ."

ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತರು. ನನಗೆ ಅಳು ಬರಲಿಲ್ಲ, ವಿಪರೀತ ಸಿಟ್ಟು ಬಂತು. ಯಾರ ಮೇಲೆ ಅಂತ ಮಾತ್ರ ಗೊತ್ತಾಗಲಿಲ್ಲ.

ಅಪ್ಪ ಅದೇ ವಾರ ಬಸ್ಸು ಬಿಟ್ಟರು. ಮಲಗುವಾಗ ಮೂಗಿಗೆ ಗಾಳಿ ಒತ್ತುವ ಮೆಷಿನ್ ಬಂತು, ಬಿ.ಪಿ. ಸ್ವಲ್ಪ ಹತೋಟಿಗೆ ಬಂತು. ಕೆಟ್ಟ ಕಿಡ್ನಿ ಸರಿಹೋಗಲಿಲ್ಲ. ಎರಡು ವರ್ಷದಲ್ಲಿ ಡಯಾಲಿಸಿಸ್ ಶುರುವಾಯಿತು. ಮೊದಲನೇ ದಿನ ಆಸ್ಪತ್ರೆಯ ಮೆಟ್ಟಿಲ ಹತ್ತಿರ ಅಪ್ಪ ನಿಂತು, "ನೀನು ಸ್ಕೂಲಿಗೆ ಹೋಗಮ್ಮ, ಸುಮ್ಸುಮ್ನೆ ರಜಾ ಹಾಕಿದ್ರೆ ಕೆಲ್ಸಕ್ಕೆ ತೊಂದ್ರೆ ಆಯ್ತದೆ" ಅಂದರು.

"ಸುಮ್ನೆ ನಡಿಯಪ್ಪ" ಅಂತ ಗದರಿ, ಕೈ ಹಿಡಿದು ಒಳಗೆ ಕರೆದುಕೊಂಡು ಹೋದೆ.