ಶಾಲಿನ ಕೆಳಗೆ ಒತ್ತಿದ ಕೈ

ಎತ್ತಿನ ಸಂತೆಯಲ್ಲಿ ಬಾಯಿ ಸುಳ್ಳು ಹೇಳುತ್ತದೆ, ಕೈ ಸುಳ್ಳು ಹೇಳುವುದಿಲ್ಲ.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಟ್ಟಣದ ಓದುಗರಿಗಾಗಿ ಹೇಳುತ್ತೇನೆ. ದಲಾಲಿ ತನ್ನ ಹೆಗಲ ವಸ್ತ್ರವನ್ನು ಕೈಯ ಮೇಲೆ ಇಳಿಬಿಟ್ಟು, ಅದರ ಕೆಳಗೆ ಕೊಳ್ಳುವವನ ಕೈ ಹಿಡಿಯುತ್ತಾನೆ. ಸುತ್ತ ನಿಂತ ಮಂದಿಗೆ ಕೇಳಲೆಂದು ಬಾಯಲ್ಲಿ ಇಬ್ಬರೂ 'ಛೇ ಛೇ, ಆಗಂಗಿಲ್ಲ, ಒಲ್ಲೆ, ನಡಿ' ಎನ್ನುತ್ತಿರುತ್ತಾರೆ. ಒಳಗೆ ಬೆರಳುಗಳು ಬೇರೆಯೇ ಮಾತಾಡುತ್ತಿರುತ್ತವೆ. ಕೊನೆಗೆ ಒಬ್ಬ ಇನ್ನೊಬ್ಬನ ಅಂಗೈಯನ್ನು ಗಟ್ಟಿಯಾಗಿ ಒತ್ತಿದನೋ, ಸೌದಾ ಮುಗಿಯಿತು. ಚೀಟಿಯಿಲ್ಲ, ಸಾಕ್ಷಿಯಿಲ್ಲ. ಆದರೂ ಒತ್ತಿದ ಕೈಗೆ ತಪ್ಪಿದವನನ್ನು ನಾನು ಕಂಡಿಲ್ಲ. (ತಪ್ಪಿದವನು ಮುಂದಿನ ಸಂತೆಗೆ ಎತ್ತು ಹೊಡೆದುಕೊಂಡು ಬರಬಹುದು. ಅದರ ಹಲ್ಲು ನೋಡಲಿಕ್ಕೂ ಯಾರೂ ಬರುವುದಿಲ್ಲ.)

ಈ ರಿವಾಜಿನಲ್ಲಿ ಹುಟ್ಟಿ ಬೆಳೆದ ಒಬ್ಬ ಮನುಷ್ಯ, ಈ ರಿವಾಜು ಗೊತ್ತೇ ಇಲ್ಲದ ಒಬ್ಬ ಸಾಹೇಬರ ಕೈ ಹಿಡಿದ. ಹೋದ ತಿಂಗಳು, ಶಹಾಬಾದಿನಲ್ಲಿ, ಸ್ಟೇಜಿನ ಮೇಲೆ, ಊರ ಮಂದಿಯೆಲ್ಲ ನೋಡುತ್ತಿರುವಾಗ.

ಆ ಮನುಷ್ಯನ ಹೆಸರು ಮೈಬೂಸಾಬ. ಅವನ ಅಪ್ಪ ತೆಂಗಳಿ ಕಡೆಯ ಎತ್ತಿನ ದಲಾಲಿ. ನಾನು ವಾಡಿ ಸ್ಟೇಷನ್ನಿನ ಹೊರಗೆ ಹಳೇ ಗೋಣಿಚೀಲ ಮಾರುತ್ತಿದ್ದಾಗ ವ್ಯಾಪಾರದ ಮೊದಲ ಪಾಠ ಹೇಳಿಕೊಟ್ಟವನೇ ಆ ಮುದುಕ. ಈಗ ನನಗೆ ಕಾಳುಕಡಿಯ ಅಡತಿ ಅಂಗಡಿಯಿದೆ, ಅವನು ಮಣ್ಣಿನಲ್ಲಿದ್ದಾನೆ. ಮಗನನ್ನು ಮಾತ್ರ ಸಂತೆಗೆ ಎಳೆಯದೆ ಹೈದರಾಬಾದಿನ ಕಾಲೇಜಿಗೆ ಕಳಿಸಿದ್ದ. ಅಲ್ಲಿ ಹುಡುಗ ಎಷ್ಟು ಓದಿದನೋ ನನಗೆ ಗೊತ್ತಿಲ್ಲ, ಆದರೆ ಓಡಿದ. ಅರ್ಧ ಮೈಲಿ ಓಟದಲ್ಲಿ ಬರಿಗಾಲಲ್ಲಿ ಓಡಿ, ಬೂಟು ಹಾಕಿಕೊಂಡ ನವಾಬರ ಮಕ್ಕಳನ್ನು ಹಿಂದೆ ಹಾಕಿದ. ಅವನು ರಜೆಗೆ ಬಂದರೆ ಶಹಾಬಾದ್ ಸ್ಟೇಷನ್ನಿನಲ್ಲಿ ಹೂವಿನ ಹಾರ ಹಿಡಿದು ಮಂದಿ ನಿಂತಿರುತ್ತಿದ್ದರು.

ಆಮೇಲೆ ಪೊಲೀಸ್ ಆಕ್ಷನ್ ಆಗಿ ನಿಜಾಮರ ರಾಜ್ಯ ಹೋಯಿತು. ಅಪ್ಪ ತೀರಿಕೊಂಡ. ಮೈಬೂಸಾಬ ಕಾಲೇಜಿಗೆ ಹಿಂದಿರುಗಲಿಲ್ಲ. ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಖಣಿಯಲ್ಲಿ ಮುಕಾದಮನಾದ, ಅಂದರೆ ಕೂಲಿಯವರನ್ನು ನೋಡಿಕೊಳ್ಳುವ ಕೆಲಸ. ದೊಡ್ಡದಲ್ಲ, ಆದರೆ ನೆರಳಿನಲ್ಲಿ ನಿಲ್ಲುವ ಕೆಲಸ. ನಮ್ಮ ಬಿಸಿಲು ಕಂಡವರಿಗೆ ನೆರಳಿನ ಬೆಲೆ ಗೊತ್ತು.

ಈಗ ಸನ್ಮಾನದ ಮಾತು.

ಹೊಸ ಸರಕಾರ, ಹೊಸ ಉತ್ಸಾಹ. ಶಹಾಬಾದಿನಲ್ಲಿ ಒಂದು ಕಮಿಟಿ ಆಯಿತು. (ನಮ್ಮಲ್ಲಿ ಬಾವಿ ಬತ್ತಿದರೂ ಕಮಿಟಿ ಬತ್ತುವುದಿಲ್ಲ.) ಈ ಭಾಗದಿಂದ ಕಾಲೇಜಿಗೆ ಹೋಗಿ ಆಟಪಾಟದಲ್ಲಿ ಹೆಸರು ಮಾಡಿದ ಹಳಬರಿಗೆ ಸನ್ಮಾನ ಮಾಡಬೇಕೆಂದು ಅದು ನಿರ್ಣಯ ಮಾಡಿತು. ಸೇಡಂನ ಒಬ್ಬ ವಕೀಲರು ಸಿಕ್ಕರು, ಒಂದು ಕಾಲಕ್ಕೆ ಹಾಕಿ ಆಟ ಆಡಿದವರು. ಚಿಂಚೋಳಿಯ ಒಬ್ಬ ಗುತ್ತೇದಾರರು ಸಿಕ್ಕರು, ಹಿಂದೆ ಕುಸ್ತಿ ಹಿಡಿದವರು. ಈಗ ಅವರನ್ನು ಹಿಡಿಯಲು ಎರಡು ಕುರ್ಚಿ ಬೇಕು. ಮೂರನೆಯವನು ಮೈಬೂಸಾಬ. ಶಾಲು ಹೊದಿಸಲು ಗುಲಬರ್ಗಾದಿಂದ ಶಾಲಾ ಇಲಾಖೆಯ ದೊಡ್ಡ ಸಾಹೇಬರು ಬರುವವರಿದ್ದರು.

ಸಾಹೇಬರ ಹೆಸರು ಕೇಳಿದೊಡನೆ ಮೈಬೂಸಾಬ ವಾಡಿಗೆ, ನನ್ನ ಅಂಗಡಿಗೆ ಓಡಿ ಬಂದ.

"ಅಣ್ಣಾ, ಚಿತ್ತಾಪುರ ಸಾಲ್ಯಾಗ ಡ್ರಿಲ್ ಮಾಸ್ತರ ಜಾಗಾ ಖಾಲಿ ಅದಂತ. ಅದಕ್ಕ ಸಹಿ ಹಾಕಾವ್ರು ಇವರೇ ನೋಡ್ರಿ. ಕೇಳ್ಲೇನು?"

"ಕೇಳದೆ ಯಾರು ಕೊಡ್ತಾರಲೇ? ಕೇಳು. ಆದ್ರ ಮೈಕಿನ್ಯಾಗ ಕೇಳು."

"ಮೈಕಿನ್ಯಾಗ? ಅಷ್ಟು ಮಂದಿ ಮುಂದ?"

"ಮಂದಿ ಮುಂದ ಕೇಳಿದ್ರೇ ಕೊಡ್ತಾರ. ನಿನಗ ಎರಡು ಮಾತು ಆಡು ಅಂತಾರ. 'ಓಡೋದು ಕಲ್ತೀನಿ, ಕಲಸಾಕ ಚಾನ್ಸ್ ಕೊಡ್ರಿ' ಅನ್ನು. ಮಂದಿ ಚಪ್ಪಾಳಿ ಹೊಡೀತಾರ. ಚಪ್ಪಾಳಿ ಆದ ಮ್ಯಾಲ ಒಲ್ಲೆ ಅನ್ನೋದು ಯಾವ ಸಾಹೇಬಗೂ ಆಗಂಗಿಲ್ಲ."

ಅವನು ನಕ್ಕ. "ಭಿಕ್ಷಾ ಬೇಡಿದಂಗ ಆಗ್ತದಲ್ರಿ ಅಣ್ಣಾ."

ನೋಡಿ, ಮರ್ಯಾದೆಯ ಮಂದಿಯ ರೋಗವೇ ಇದು. ಹಕ್ಕಿನದನ್ನು ಕೇಳುವುದಕ್ಕೂ ಭಿಕ್ಷೆ ಎನ್ನುತ್ತಾರೆ. ನಾನು ಮತ್ತೆ ಮತ್ತೆ ಹೇಳಿದೆ. ಅವನು ತಲೆಯಾಡಿಸಿದ. ತಲೆಯಾಡಿಸುವವರು ಹೇಳಿದ್ದನ್ನು ಮಾಡುವುದಿಲ್ಲ ಎಂದು ನನಗೆ ಆಗಲೇ ತಿಳಿಯಬೇಕಿತ್ತು.

ಸಭೆಗೆ ನಾನೂ ಹೋಗಿದ್ದೆ. ವಕೀಲರು ತಮ್ಮ ಗೋಲುಗಳ ವಿಷಯ ಮಾತಾಡಿದರು. ಗುತ್ತೇದಾರರು ತಮ್ಮ ತೊಡೆಯ ವಿಷಯ ಮಾತಾಡಿದರು. ಸಾಹೇಬರು ದೇಶಕ್ಕೆ ಬಲಿಷ್ಠ ಕಾಲುಗಳು ಬೇಕೆಂದು ಸ್ಪೀಚು ಮಾಡಿದರು. ಹೊತ್ತು ಮುಳುಗುತ್ತಾ ಬಂತು. ಮೈಬೂಸಾಬನ ಪಾಳಿ ಬರುವಷ್ಟರಲ್ಲಿ ಮೈಕಿನವನು ತಂತಿ ಸುತ್ತಲಿಕ್ಕೆ ಶುರುಮಾಡಿದ್ದ. ಸನ್ಮಾನಿತರು ಎರಡು ಮಾತಾಡುತ್ತಾರೆ ಎಂದು ಯಾರೂ ಅನ್ನಲಿಲ್ಲ. ಸಾಹೇಬರು ಶಾಲು ಹೊದಿಸಿದರು. ಶಾಲು ಜಾರಿ ಇಬ್ಬರ ಕೈಗಳ ಮೇಲೂ ಬಿತ್ತು. ಮೈಬೂಸಾಬ ಅವರ ಕೈ ಹಿಡಿದು ಏನೋ ಹೇಳಿದ. ಸಾಹೇಬರು ನಕ್ಕು ಏನೋ ಹೇಳಿದರು. ಫೋಟೋದವನು ಬತ್ತಿ ಹೊಡೆದ. ಮುಗಿಯಿತು.

ಕೆಳಗಿಳಿದವನ ಮುಖ ನೋಡಬೇಕಿತ್ತು ನೀವು. ಓಟ ಗೆದ್ದಾಗಲೂ ಹಾಗೆ ಹೊಳೆದಿರಲಿಲ್ಲ.

"ಆಯ್ತು ಅಣ್ಣಾ. ಸೌದಾ ಆಯ್ತು."

"ಏನಂದ್ರು?"

"ಜಾಗಾ ಕೇಳ್ದೆ. ಬಾಯಿಲೆ 'ನೋಡೋಣ' ಅಂದ್ರು. ಖರೇ ಮಾತು ಕೈಲೆ ಹೇಳಿದ್ರು. ಎರಡು ಸಲ ಒತ್ತಿದ್ರು ನೋಡ್ರಿ, ಗಟ್ಟಿ! ಶಾಲಿನ ತೆಳಗ!"

"ಮೈಬೂ, ಅವರು ದಫ್ತರದ ಮಂದಿ. ಅವರ ಬಾಯೀದು ಹಿಡಿ, ಕೈದು ಬಿಡು."

"ದಲಾಲಿ ಮಾಡಿ ಬೆಳದಾವ್ರು ನೀವೇ ಹಿಂಗಂದ್ರ ಹ್ಯಾಂಗ್ರಿ? ಸುತ್ತ ಮಂದಿ ಇತ್ತು. ಮಂದಿ ಮುಂದ ಯಾರಾದ್ರೂ ಹೂಂ ಅಂತಾರೇನು?"

ಸಂತೆಯ ಲೆಕ್ಕದಲ್ಲಿ ಅವನು ಹೇಳಿದ್ದು ಶುದ್ಧ ಸತ್ಯ. ಅವನ ಅಪ್ಪ ಜೀವಮಾನವಿಡೀ ಅನ್ನ ತಿಂದದ್ದು ಆ ಸತ್ಯದ ಮೇಲೆ.

"ಆರ್ಡರ್ ಕೈಗೆ ಬರೂತನಕ ಖಣಿ ಬಿಡಬ್ಯಾಡ," ಎಂದಷ್ಟೇ ಹೇಳಿ ರೈಲು ಹತ್ತಿದೆ.

ಮರುದಿನ ಬೆಳಿಗ್ಗೆಯೇ ಅವನು ಖಣಿ ಬಿಟ್ಟ. ಯಾಕೆ ಗೊತ್ತೇ? ಸೌದಾ ಆದ ಮೇಲೆ ಎತ್ತನ್ನು ಎರಡು ಗೂಟಕ್ಕೆ ಕಟ್ಟಬಾರದಂತೆ. ಇದೂ ಅಪ್ಪನ ಪಾಠ. ಮಾಲಕನಿಗೆ ಮೋಸವಾಗಬಾರದೆಂದು ತಾನೇ ಹೋಗಿ, "ನನ್ನ ಜಾಗಕ್ಕ ಬ್ಯಾರೆಯವರ್ನ ನೋಡ್ಕೊಳ್ರಿ" ಎಂದ. ಮಾಲಕ ಅಂದೇ ತನ್ನ ಅಳಿಯನನ್ನು ತಂದು ನಿಲ್ಲಿಸಿದ. ಅಳಿಯಂದಿರು ಯಾವಾಗಲೂ ತಯಾರಿರುತ್ತಾರೆ.

ಒಂದು ವಾರ ಕಾದ. ಇನ್ನೊಂದು ವಾರ ಕಾದ. ಆರ್ಡರ್ ಬರಲಿಲ್ಲ. ಅವನ ಹೆಂಡತಿ ರಬಿಯಾ ನನಗೆ ಹೇಳಿ ಕಳಿಸಿದಳು. ನಾನೇ ಅವನನ್ನು ಕರೆದುಕೊಂಡು ಗುಲಬರ್ಗಾಕ್ಕೆ ಹೋದೆ.

ಸಾಹೇಬರು ಒಳ್ಳೆಯವರು. ಇದನ್ನು ನಾನು ವ್ಯಂಗ್ಯವಾಗಿ ಹೇಳುತ್ತಿಲ್ಲ. ನಮ್ಮನ್ನು ಹೊರಗೆ ನಿಲ್ಲಿಸಲಿಲ್ಲ. "ಓಹೋ, ನಮ್ಮ ಓಟಗಾರರು! ಬನ್ನಿ, ಕೂತುಕೊಳ್ಳಿ" ಎಂದರು. ಚಹಾ ತರಿಸಿದರು. ದಫ್ತರದಲ್ಲಿ ಚಹಾ ಬೇಗ ಬಂದರೆ ಕೆಲಸ ಆಗುವುದಿಲ್ಲ ಎಂದು ತಿಳಿಯಿರಿ. ಇದು ನನ್ನ ಅನುಭವ.

ಮೈಬೂಸಾಬ ಬಶಿಗೆ ಚಹಾ ಸುರಿದುಕೊಂಡ. ಮಾತು ನಾನೇ ತೆಗೆದೆ.

"ಸಾಹೇಬ್ರ, ಚಿತ್ತಾಪುರದ ಡ್ರಿಲ್ ಮಾಸ್ತರ ಜಾಗಾ..."

"ಅದಾ? ಅದಕ್ಕೆ ಆರ್ಡರ್ ಆಗಿ ಬಹಳ ದಿನವಾಯಿತಲ್ಲ. ಸಭೆಗೆ ಬರುವ ಮುಂಚೆಯೇ ಸಹಿ ಹಾಕಿ ಬಂದಿದ್ದೆ."

ಮೈಬೂಸಾಬ ಬಶಿಯನ್ನು ಕೆಳಗಿಟ್ಟ. "ಮತ್ತ ನೀವು ಕೈ ಒತ್ತಿದ್ರಲ್ರಿ?"

"ಒತ್ತಿದೆ. ಪ್ರೀತಿಯಿಂದ ಒತ್ತಿದೆ." ಸಾಹೇಬರಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. "ಸನ್ಮಾನದ ಹೊತ್ತಿನಲ್ಲಿ ಇಲ್ಲ ಅಂತ ಹೇಗೆ ಹೇಳೋದು? ನಿಮ್ಮ ಮನಸ್ಸಿಗೆ ನೋವಾಗುವುದಿಲ್ಲವೇ?"

ಓದುಗರೇ, ಈ ದಯೆಗೆ ಏನೆನ್ನುತ್ತೀರಿ? ಇಲ್ಲ ಎಂದಿದ್ದರೆ ಒಂದು ಸಂಜೆಯ ನೋವು. ಮರುದಿನ ಅವನು ಎಂದಿನಂತೆ ಖಣಿಗೆ ಹೋಗುತ್ತಿದ್ದ. ಇಲ್ಲ ಎನ್ನಲು ಸಂಕೋಚಪಟ್ಟ ಒಬ್ಬ ಒಳ್ಳೆಯ ಮನುಷ್ಯ, ಇದ್ದ ಕೆಲಸವನ್ನೂ ತಿಂದ. ಕೆಟ್ಟ ಮನುಷ್ಯರೊಡನೆ ನಾನು ಇಷ್ಟು ವರ್ಷ ವ್ಯವಹಾರ ಮಾಡಿದ್ದೇನೆ. ಅವರು 'ಇಲ್ಲ' ಎಂಬುದನ್ನು ಮುಖಕ್ಕೇ ಹೊಡೆಯುತ್ತಾರೆ. ಬದುಕಿಕೊಳ್ಳಬಹುದು. ಒಳ್ಳೆಯವರಿಂದ ಪಾರಾಗುವುದು ಕಷ್ಟ.

ಬರುವಾಗ ರೈಲಿನಲ್ಲಿ ಅವನು ತನ್ನ ಅಂಗೈಯನ್ನೇ ನೋಡುತ್ತ ಕೂತಿದ್ದ. ನಾನು ಕಮಿಟಿಯ ಸೆಕ್ರೆಟರಿಯನ್ನು ಹಿಡಿದು ಕೇಳುತ್ತೇನೆ ಎಂದೆ. ಕೇಳಿದೆ ಕೂಡ. ಆ ಮಹಾಶಯ ಹಲ್ಲು ಕಡ್ಡಿಯಿಂದ ಕೆದಕಿಕೊಳ್ಳುತ್ತ, "ನಮ್ಮ ಕೆಲಸ ಸತ್ಕಾರ ಮಾಡೋದ್ರಿ. ಸಂಸಾರ ನಡಸೋದಲ್ಲ" ಎಂದ. ಫೋಟೋದ ಒಂದು ಪ್ರತಿಯನ್ನಾದರೂ ಕೊಡಿ ಎಂದರೆ, ಅದರಲ್ಲಿ ಸಾಹೇಬರ ಕಣ್ಣು ಮುಚ್ಚಿಹೋಗಿದ್ದರಿಂದ ತೊಳೆಯಿಸಲಿಲ್ಲವಂತೆ.

ಮೈಬೂಸಾಬ ಮತ್ತೆ ಖಣಿಗೆ ಹೋದ. ಮುಕಾದಮನ ಜಾಗದಲ್ಲಿ ಅಳಿಯ ಕೂತಿದ್ದಾನಲ್ಲ! ಉಳಿದದ್ದು ಹೊರುವ ಕೆಲಸ. ಈಗ ಅವನು ಫರ್ಸಿಯನ್ನು ಬೆನ್ನ ಮೇಲೆ ಹೊತ್ತು ರೈಲಿನ ಡಬ್ಬಿಗೆ ತುಂಬುತ್ತಾನೆ. ಹೊತ್ತವರಿಗೆ ಗೊತ್ತು, ಆ ಕಲ್ಲು ಮೊದಲು ತಿನ್ನುವುದು ಮೊಣಕಾಲನ್ನು.

ಕತೆ ಇಲ್ಲಿಗೆ ಮುಗಿದಿದ್ದರೆ ನಾನು ಈ ವಾರದ ಅಂಕಣವನ್ನು ತೊಗರಿಯ ಧಾರಣೆಯ ಮೇಲೆ ಬರೆಯುತ್ತಿದ್ದೆ.

ಕಳೆದ ಶುಕ್ರವಾರ ಮೈಬೂಸಾಬನ ಮನೆಗೆ ಒಬ್ಬ ತರುಣ ಬಂದ. ಇಸ್ತ್ರಿ ಹಾಕಿದ ಖಾಕಿ ಚಡ್ಡಿ, ಕೊರಳಲ್ಲಿ ಸೀಟಿ. ಚಿತ್ತಾಪುರದ ಹೊಸ ಡ್ರಿಲ್ ಮಾಸ್ತರ! ಮನೆಯಲ್ಲಿ ನಾನೂ ಇದ್ದೆ. ಪಾಪ, ವಿನಯದ ಹುಡುಗ. ಚಾಪೆಯ ತುದಿಗೆ ಕೂತ.

"ಕಾಕಾ, ಸಾಲ್ಯಾಗ ಆಟದ ದಿನ ಇಟ್ಟಾರ್ರಿ. ದೊಡ್ಡ ಸಾಹೇಬ್ರೇ ಬರಾಕತ್ತಾರ. ಹುಡುಗರಿಗಿ ಓಡೋದು ಹ್ಯಾಂಗಂತ ಹೇಳ್ಕೊಡಬೇಕು. ನನಗ ಸಾಲು ನಿಂದ್ರಸಾಕ ಬರ್ತದ, ಓಡಾಕ ಬರಂಗಿಲ್ಲ. ನೀವು ಐತವಾರಕ್ಕೊಮ್ಮೆ ಬರ್ರಿ. ಸಾಹೇಬ್ರೇ ನಿಮ್ಮ ಹೆಸರು ಹೇಳಿ ಕಳಿಸ್ಯಾರ."

ಒಲೆಯ ಹತ್ತಿರವಿದ್ದ ರಬಿಯಾ ತಿರುಗಿಯೂ ನೋಡಲಿಲ್ಲ. "ಹೌದಪಾ, ಕಲಸೋದು ಇವರು. ಪಗಾರ ತಗೊಳ್ಳೋದು ನೀನು. ಕೈ ಒತ್ತೋದು ಸಾಹೇಬ್ರು. ಎಲ್ಲಾರಿಗೂ ಒಂದೊಂದು ಕೆಲಸ ಸಿಕ್ಕಂಗಾತು."

ಹುಡುಗ ಕೆಂಪಾದ. "ರೈಲಿನ ಖರ್ಚು ನಾ ಕೊಡ್ತೀನಿ ಚಾಚಿ," ಎಂದ.

"ಅದನ್ನರ ಕೊಡ್ತೀಯಲ್ಲ, ನಿನ್ನ ಹೊಟ್ಟಿ ತಣ್ಣಗಿರಲಿ."

ಅವನು ಹೋದ ಮೇಲೆ ನಾನು ಮೈಬೂಸಾಬನ ಮುಖ ನೋಡಿದೆ. ಸಿಟ್ಟು ಹುಡುಕಿದೆ. ಇರಲಿಲ್ಲ. ಅವನು ಬಾಗಿಲ ಹೊರಗೆ ನೋಡುತ್ತಿದ್ದ.

"ಅಣ್ಣಾ, ಆ ಮೈದಾನದಾಗ ಹಳ್ಳು-ಕಲ್ಲು ಭಾಳ ಅವ. ಬರಿಗಾಲ ಹುಡುಗರು. ಮೊದ್ಲು ಅವನ್ನ ಆರಿಸಬೇಕು."

"ಹೋಗ್ತೀಯೇನು?"

"ನೀವು ಹೇಳ್ರಿ. ಈ ಸಲ ನೀವು ಹೇಳಿದಂಗ ಕೇಳ್ತೀನಿ."

"ಐತವಾರ ವಾಡ್ಯಾಗ ಇಳಿ, ಹೇಳ್ತೀನಿ," ಎಂದು ಎದ್ದು ಬಂದೆ. ಹೋಗಬೇಡ ಎಂದರೆ ಚಿತ್ತಾಪುರದ ಹುಡುಗರು ಆ ಸೀಟಿಯ ಹಿಂದೆ ಸಾಲಾಗಿ ನಿಂತೇ ಬೆಳೆಯುತ್ತಾರೆ. ಹೋಗು ಎಂದರೆ ಆರು ದಿನ ಕಲ್ಲು ಹೊತ್ತವನು ಏಳನೆಯ ದಿನ ಬಿಟ್ಟಿ ಓಡಬೇಕು. ಆಟದ ದಿನ ಸಾಹೇಬರು ಬರುತ್ತಾರೆ, ಹುಡುಗರು ಗೆಲ್ಲುತ್ತಾರೆ, ಸಾಹೇಬರು ಮಾಸ್ತರನ ಬೆನ್ನು ತಟ್ಟುತ್ತಾರೆ. ಇವನನ್ನೂ ಸ್ಟೇಜಿಗೆ ಕರೆದರೂ ಕರೆದಾರು, ಸಾಹೇಬರು ಒಳ್ಳೆಯವರು ಎಂದೆನಲ್ಲ.

ಬರುವ ಐತವಾರ ಚಿತ್ತಾಪುರದ ಗಾಡಿ ವಾಡಿಯಲ್ಲಿ ನಿಂತಾಗ ಅವನು ನನ್ನ ಉತ್ತರ ಕೇಳಲು ಇಳಿಯುತ್ತಾನೆ. ಬೇಡದ ಸಲಹೆಯನ್ನು ವಾರ ವಾರ ಕೊಡುವ ನನಗೆ, ಈ ಸಲ ನೀವು ಯಾರಾದರೂ ಒಂದು ಸಲಹೆ ಕೊಡುತ್ತೀರಾ?