ಬೋರ್ಡಿನ ಕೆಳಗಿನ ತಿರುವು

ಕಿತ್ತೂರಿಗೆ ಇಳಿಯುವ ದಾರಿ ಹೆದ್ದಾರಿಯಿಂದ ಒಡೆಯುವಲ್ಲಿ, ಎತ್ತರದ ಕಂಬಗಳ ಮೇಲೆ ಅಡ್ಡಲಾಗಿ ಒಂದು ದೊಡ್ಡ ಹಸಿರು ಬೋರ್ಡಿದೆ. ಬೈಲಹೊಂಗಲ, ಸವದತ್ತಿ ಎಡಕ್ಕೆ, ಧಾರವಾಡ ನೇರಕ್ಕೆ. ಅದರ ಬುಡದಲ್ಲಿ ಮೊದಲು ಸಾಲಾಗಿ ದೀಪಗಳಿದ್ದವು. ಮುಖ ಮೇಲೆತ್ತಿ ಅಕ್ಷರಗಳನ್ನು ಬೆಳಗುವುದು ಅವುಗಳ ಕೆಲಸ. ಆದರೂ ಒಂದಿಷ್ಟು ಬೆಳಕು ಕೆಳಗೆ ಚೆಲ್ಲುತ್ತಿತ್ತು. ರೇಣು ನಡೆಯುತ್ತಿದ್ದುದು ಆ ಚೆಲ್ಲಿದ ಬೆಳಕಿನಲ್ಲಿ.

ಬೋರ್ಡಿನಿಂದ ಕೂಗಳತೆಯ ದೂರದಲ್ಲಿ ದುಂಡಪ್ಪನ ಧಾಬಾ. ರೇಣು ಅಲ್ಲಿ ರೊಟ್ಟಿ ಬಡಿಯುವವಳು. ಸಂಜೆಯ ಗಿರಾಕಿಗಳ ರೊಟ್ಟಿ ಮುಗಿಸಿ, ಸರ್ವಿಸ್ ರಸ್ತೆಗುಂಟ ಬಂದು ಬೋರ್ಡಿನ ಕಂಬದ ಹತ್ತಿರ ತಿರುಗಿದರೆ, ಕಬ್ಬಿನ ಹೊಲಗಳ ನಡುವೆ ಅವಳ ಊರಿನ ದಾರಿ. ಆ ತಿರುವಿನಲ್ಲಿ ರಾಶಿ ಮಾಡುವ ಒಂದು ಕಣದಷ್ಟು ನೆಲ ಬೆಳಗಿರುತ್ತಿತ್ತು.

ಕೆಲಸಕ್ಕೆ ಸೇರುವ ಮುನ್ನ ಅತ್ತೆ ಶೆಟ್ಟೆವ್ವ ಒಂದು ಸಂಜೆ ತಾನೇ ಬಂದು ದಾರಿ ನೋಡಿದ್ದಳು. ಕಂಬದ ಕೆಳಗೆ ನಿಂತು ಅಂಗೈ ಬಿಚ್ಚಿ ಬೆಳಕಿಗೆ ಹಿಡಿದಳು.

"ಗೆರಿ ಕಾಣತಾವು. ಹೋಗು. ಆದರ ಈ ಬೆಳಕ ಇರೂತನಕ ಅಷ್ಟ. ಇದು ಆರಿದ ದಿನಾ ನಿನ್ನ ಕೆಲಸಾನೂ ಆರಿತು ಅಂತ ತಿಳಕೋ."

ಗಂಡ ಕಾಂತೇಶ ಬೈಲಹೊಂಗಲದ ಮಾರುಕಟ್ಟೆಗೆ ಕಾಯಿಪಲ್ಲೆ ಸಾಗಿಸುವ ಟೆಂಪೋ ಓಡಿಸುತ್ತಾನೆ. ಅವನ ಚಿಂತೆಯೇ ಬೇರೆ. "ಮನ್ಯಾಗ ರೊಟ್ಟಿ ಯಾರ ಮಾಡವರು?"

"ಬಂದು ಮಾಡತೇನಿ."

"ಆರಿದ್ದ ರೊಟ್ಟಿ ನನಗ ನಡಿಯೂದುಲ್ಲ ನೋಡ ಮತ್ತ."

ಹಾಗಾಗಿ ರೇಣು ಧಾಬಾದ ಹಂಚಿನ ಮುಂದಿನಿಂದ ಎದ್ದು ಮನೆಯ ಹಂಚಿನ ಮುಂದೆ ಕೂರುತ್ತಿದ್ದಳು. ನಡುವೆ ಸಿಗುತ್ತಿದ್ದ ಬಿಡುವೆಂದರೆ ಆ ದಾರಿ ಮಾತ್ರ.

ರಾಮದುರ್ಗ ಕಡೆಯ ತೊರಗಲ್ಲಿನಲ್ಲಿ, ಕೋಟೆಯ ಕೆಳಗಿನ ಓಣಿಯಲ್ಲಿ ಹುಟ್ಟಿದವಳು ಅವಳು. ಕೈ ಹಂಚಿಗೆ ಎಟುಕುವ ಮೊದಲೇ ಹಿಟ್ಟು ನಾದಲು ಕಲಿತಿದ್ದಳು. ತವರಿನಲ್ಲಾಗಲಿ ಗಂಡನ ಮನೆಯಲ್ಲಾಗಲಿ ಅವಳ ರೊಟ್ಟಿಯ ಬಗ್ಗೆ ಯಾರೂ ಮಾತಾಡಿದ್ದಿಲ್ಲ, ಅದು ಹರಿದ ದಿನ ಬಿಟ್ಟರೆ. ಧಾಬಾಕ್ಕೆ ಸೇರಿದ ಹೊಸದರಲ್ಲಿ ಲಾರಿಯವನೊಬ್ಬ ಅಡುಗೆಮನೆಗೆ ತಲೆ ಹಾಕಿ, "ಯಾರ ಕೈಯಿನೂವು ರಿ ಈ ರೊಟ್ಟಿ? ನಮ್ಮವ್ವನ ನೆನಪ ಆತು," ಎಂದ. ಜೊತೆಗೆ ಬಡಿಯುತ್ತಿದ್ದ ಅವಳ ಊರಿನವಳೇ ಆದ ಸೀತವ್ವ, "ಅವ್ವ ಅಂದನಲ್ಲಾ, ಅದಕ್ಕ ಬಿಟ್ಟೇನಿ," ಎಂದು ನಕ್ಕಳು. ಆ ರಾತ್ರಿ ಮನೆಯಲ್ಲಿ ಮತ್ತೆ ಹಿಟ್ಟು ಕಲಸುವಾಗ ರೇಣು ತನ್ನ ಕೈಗಳನ್ನು ಹೊರಳಿಸಿ ಹೊರಳಿಸಿ ನೋಡಿಕೊಂಡಳು. ಈ ಕೆಲಸವನ್ನು ಬಿಡಬಾರದು ಎಂದುಕೊಂಡದ್ದು ಆಗಲೇ.

ಈ ವರ್ಷ ದೀಪಾವಳಿ ಕಳೆದ ಮೇಲೆ ಕ್ರೇನಿನ ಗಾಡಿ ಬಂತು. ಹಳೆಯ ಬೋರ್ಡು ಇಳಿಸಿದರು, ಹೊಸದನ್ನು ಏರಿಸಿದರು. ದೀಪಗಳನ್ನು ಬಿಚ್ಚಿ ಚೀಲಕ್ಕೆ ತುಂಬಿದರು. ಧಾಬಾಕ್ಕೆ ಉಣ್ಣಲು ಬಂದ ಕೆಲಸಗಾರನನ್ನು ರೇಣು ಕೇಳಿದಳು, "ಹೊಸಾ ಲೈಟ್ ಯಾವಾಗ ಹಾಕತೀರಿ?"

"ಇನ್ನ ಲೈಟ್ ಬೇಕಾಗೂದುಲ್ಲರಿ ಅಕ್ಕಾರ. ಈ ಬೋರ್ಡಿನ ಹಾಳಿ ಅಂಥಾದ್ದು. ಗಾಡಿ ಬೆಳಕ ಬಿತ್ತು ಅಂದರ ತಿರುಗಿ ಗಾಡಿಗೇ ಹೊಡಿತೈತಿ. ಡ್ರೈವರಗ ಹಗಲ ಆದಂಗ ಕಾಣತೈತಿ."

"ನಡಕೊಂತ ಹೋಗವರಿಗಿ?"

ಅವನಿಗೆ ನಗು ಬಂತು. "ನಡಕೊಂತ ಹೋಗವರಿಗಿ ಬೋರ್ಡ್ ಯಾಕ ಬೇಕ್ರಿ? ನಿಮಗ ನಿಮ್ಮೂರ ದಾರಿ ಗೊತ್ತಿಲ್ಲೇನು?"

ಆ ಸಂಜೆ ತಿರುವಿನಲ್ಲಿ ನೆಲವೇ ಇರಲಿಲ್ಲ. ರೇಣುವೂ ಸೀತವ್ವನೂ ಕೈ ಕೈ ಹಿಡಿದು, ಕಾಲಿನಿಂದ ತಡವುತ್ತಾ ಇಳಿದರು. ರೇಣು ಮನೆಯಲ್ಲಿ ಹೇಳಲಿಲ್ಲ.

ಸೀತವ್ವ ಇದ್ದಷ್ಟು ದಿನ ಹೇಗೋ ನಡೆಯಿತು. ಆಮೇಲೆ ಅವಳು ಮಗಳ ಬಾಣಂತನಕ್ಕೆಂದು ಹೂಲಿಗೆ ಹೋದಳು. ಆ ದಾರಿ ಹಿಡಿಯುವವಳು ರೇಣು ಒಬ್ಬಳೇ ಉಳಿದಳು. ಮೊಬೈಲಿನ ಟಾರ್ಚ್ ಹಚ್ಚಿ ನೋಡಿದಳು. ಅದು ಅವಳ ಪಾದಗಳನ್ನಷ್ಟೇ ಬೆಳಗಿ, ಸುತ್ತಲಿನ ಕತ್ತಲನ್ನು ಇನ್ನೂ ದಪ್ಪ ಮಾಡಿತು. ತನಗೆ ಯಾರೂ ಕಾಣುತ್ತಿಲ್ಲ, ತಾನು ಮಾತ್ರ ಎಲ್ಲರಿಗೂ ಕಾಣುತ್ತಿದ್ದೇನೆ ಅನ್ನಿಸಿ ಆರಿಸಿಬಿಟ್ಟಳು.

ಬೈಕನ್ನು ಅವಳು ಮೊದಲು ಕಿವಿಯಿಂದ ಕಂಡಳು. ಇಂಜಿನ್ ಆರಿಸಿದ ಮೇಲೆ ಬಿಸಿ ಕಬ್ಬಿಣ ಆರುವಾಗ ಬರುವ ಟಿಕ್ ಟಿಕ್ ಸದ್ದು ಕಂಬದ ಆಚೆಯಿಂದ ಬರುತ್ತಿತ್ತು. ಯಾರೋ ಗಂಟಲು ಸರಿಮಾಡಿಕೊಂಡರು. ರೇಣು ಓಡಲಿಲ್ಲ. ಓಡಿದರೆ ಹೆದರಿದ್ದು ಗೊತ್ತಾಗುತ್ತದೆ. ಕಬ್ಬಿನ ಗರಿಗಳು ತೋಳಿಗೆ ಕೊಯ್ಯುತ್ತಿದ್ದರೂ ಬದುವಿಗೆ ಒತ್ತಿಕೊಂಡೇ ನಡೆದಳು. ಮರುದಿನವೂ ಅದೇ ಸದ್ದು, ಅದೇ ಗಂಟಲು.

ಅಷ್ಟರಲ್ಲಿ ಒಂದು ರಾತ್ರಿ ಕಾಂತೇಶ ಊಟಕ್ಕೆ ಕೂತು ಹುರುಪಿನಿಂದ ಹೇಳಿದ, "ಯವ್ವಾ, ಹೆದ್ದಾರಿ ಬೋರ್ಡ್ ಹೊಸಾದ ಹಾಕ್ಯಾರ. ಏನ ಹೊಳಪ ಅಂತಿ! ಹಳೇದರ ಹತ್ತಪಟ್ಟ ಬೆಳಕ. ನಿನ್ನ ಸೊಸಿ ಸೂಜ್ಯಾಗ ದಾರಾ ಪೋಣಿಸಿಕೊಂತ ಬರಬಹುದು."

ರೇಣು ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು. ಟೆಂಪೋದಲ್ಲಿ ಕೂತವನಿಗೆ ಅದು ಬೆಳಕೇ. ಅವನೇನೂ ಸುಳ್ಳು ಹೇಳಿರಲಿಲ್ಲ. ಇನ್ನು ಅವಳ ಕೆಲಸಕ್ಕೆ ಮನೆಯಿಂದ ಭಯವಿಲ್ಲ, ಬೆಳಕಿದೆ ಎಂದು ಗಂಡನೇ ಸಾಕ್ಷಿ ನುಡಿದಿದ್ದಾನೆ. ಕತ್ತಲಿದೆ ಎಂದರೆ ಕೆಲಸ ಹೋಗುತ್ತದೆ. ಅನ್ನದಿದ್ದರೆ, ಆ ತಿರುವಿನ ಕತ್ತಲಲ್ಲಿ ಅವಳು ಒಬ್ಬಳೇ ಇದ್ದಾಳೆಂದು ಯಾರಿಗೂ ಗೊತ್ತಿರುವುದಿಲ್ಲ. ಅವಳು ಯೋಚಿಸುತ್ತಿದ್ದಂತೆ ರೊಟ್ಟಿಯ ಅಂಚು ಸೀದುಹೋಯಿತು. "ಲಕ್ಷ್ಯ ಎಲ್ಲೈತಿ?" ಎಂದ ಕಾಂತೇಶ.

ಮಲಗುವ ಮುನ್ನ ಅತ್ತೆಯ ಕಾಲು ಒತ್ತುವುದೂ ಅವಳದೇ ಕೆಲಸ. ಶೆಟ್ಟೆವ್ವ ಕಾಲು ಚಾಚಿ ಹಳೆಯದನ್ನೇನೋ ಹೇಳುತ್ತಿದ್ದಳು. "ಈಗ ಮನಿಗೊಂದ ಸಂಡಾಸ ಐತಿ, ನೀವು ಪುಣ್ಯವಂತರು. ನಾವು ನಸುಕಿನ್ಯಾಗ ಬಯಲಕಡಿ ಹೋಗತಿದ್ವಿ. ಹೋಗೂಮುಂದ ಒಬ್ಬಾಕಿ ಹೆಸರ ಇನ್ನೊಬ್ಬಾಕಿ ಹಿಡದು ಒದರಕೊಂತ ಹೋಗೂದು. ದನಿ ಇದ್ದಲ್ಲೆ ಗಂಡಸರು ಬರತಿದ್ದಿಲ್ಲ."

"ಒಬ್ಬರ ಇದ್ದರರಿ, ಅತ್ತಿ?"

"ಒಬ್ಬಾಕಿನ ಇದ್ದರೂ ಒದರೂದು. ಕತ್ತಲ್ಯಾಗ ಎಣಸವರು ಯಾರು?"

ಮಾರನೆಯ ಸಂಜೆ ಟಿಕ್ ಟಿಕ್ ಸದ್ದು ಕಂಬದ ಆಚೆ ಇರಲಿಲ್ಲ, ಈಚೆ ಇತ್ತು. ಅವಳ ಊರಿನ ದಾರಿಗೆ ಅಡ್ಡವಾಗಿ.

"ದಿನಾ ಒಬ್ಬಾಕೀನ ಹೊಕ್ಕೀಯಲ್ಲ," ಎಂದಿತು ದನಿ. ಮೆತ್ತಗೆ, ಪರಿಚಯದವರ ಹಾಗೆ.

ರೇಣು ಹಿಂದಕ್ಕೆ ಸರಿದು ಹೆದ್ದಾರಿಯ ಕಡೆಗೆ ತಿರುಗಿದಳು. ಕಟ್ಟೆ ಹತ್ತಿ ಲಾರಿಗಳು ಓಡುವ ರಸ್ತೆಯ ಅಂಚಿಗೆ ಬಂದು ನಿಂತಳು. ಹಾಯುವ ಪ್ರತಿ ಗಾಡಿಯ ಗಾಳಿ ಅವಳನ್ನು ಒಳಕ್ಕೆ ಎಳೆಯುತ್ತಿತ್ತು. ದೀಪ ಬಿದ್ದಾಗ ನೆತ್ತಿಯ ಮೇಲೆ ಬೋರ್ಡು ಹೊತ್ತಿಕೊಳ್ಳುವುದು, ಗಾಡಿ ದಾಟಿದೊಡನೆ ಮೊದಲಿಗಿಂತ ಕಪ್ಪು. ಲಾರಿಗೆ ಸಿಕ್ಕರೆ ಸಾಯುತ್ತೇನೆ, ಇಳಿದರೆ ಏನೋ ಗೊತ್ತಿಲ್ಲ. ಎಷ್ಟು ಹೊತ್ತು ಹಾಗೆ ನಿಂತಳೋ. ಕೊನೆಗೆ ಬೈಕು ಕೆಮ್ಮಿ, ದೀಪ ಹಚ್ಚದೆಯೇ ಹೊರಟು ಹೋಯಿತು. ಅವಳು ಬಿದ್ದು ಎದ್ದು ಓಡಿದಳು.

ಬಾಗಿಲಲ್ಲಿ ಶೆಟ್ಟೆವ್ವ ಅವಳ ಮುಖ ನೋಡಲಿಲ್ಲ, ಕಾಲು ನೋಡಿದಳು.

"ಇನ್ನೊಂದ ಚಪ್ಪಲಿ?"

"ಹರೀತರಿ. ಒಗದ ಬಂದೆ."

"ಹರಿದದ್ದ ಒಂದು. ಇನ್ನೊಂದ ಯಾಕ ಹಾಕ್ಕೊಂಡಿ?"

ರೇಣು ಒಲೆಯ ಮುಂದೆ ಕೂತಳು. ಒಳಗೆ ಕಾಂತೇಶ ತಾಟು ಇಟ್ಟುಕೊಂಡು ಕಾಯುತ್ತಿದ್ದ.

ಮರುದಿನ ಸಂಜೆ ಶೆಟ್ಟೆವ್ವ ಸೆರಗು ಹೊದ್ದು ಧಾಬಾದ ಹಿತ್ತಲಲ್ಲಿ ನಿಂತಿದ್ದಳು. ದುಂಡಪ್ಪ, "ಏನವಾ ಅತ್ತೆವ್ವ, ರೊಟ್ಟಿ ಬಡ್ಯಾಕ ಬಂದೇನು?" ಎಂದ.

"ಚಪ್ಪಲಿ ಹುಡುಕಾಕ ಬಂದೇನಿ."

ಇಬ್ಬರೂ ನಡೆದರು. ತಾನು ಹೆದರಿದ್ದು ಬೈಕಿಗೋ, ಅತ್ತೆಗೋ ರೇಣುವಿಗೇ ತಿಳಿಯಲಿಲ್ಲ. ಕಂಬದ ಕೆಳಗೆ ಶೆಟ್ಟೆವ್ವ ನಿಂತಳು. ಬಳೆಗಳ ಸದ್ದಿನಿಂದ ಅವಳು ಅಂಗೈ ಎತ್ತಿದ್ದು ರೇಣುವಿಗೆ ಗೊತ್ತಾಯಿತು.

"ಬೆಳಕ ಎಲ್ಲೈತಿ?"

ಒಂದು ಲಾರಿ ಬಂತು. ಬೋರ್ಡು ಝಗ್ಗೆಂದು ಬೆಳಗಿತು, ಸವದತ್ತಿಯೂ ಬೈಲಹೊಂಗಲವೂ ಕಣ್ಣು ಕುಕ್ಕಿದವು. ಮುದುಕಿಯ ಕೈ ಒಂದು ಗಳಿಗೆ ಕಂಡು ಮತ್ತೆ ಹೋಯಿತು.

"ಕಾಂತ್ಯಾ ನೋಡಿದ ಬೆಳಕ ಇದ ಏನು?"

"ಹೂಂ ರಿ."

"ಎಷ್ಟ ದಿನಾ ಆತು?"

ಆಗ ಟಿಕ್ ಟಿಕ್ ಸದ್ದು ಕೇಳಿಸಿತು, ಹಿಂದಿನ ದಿನದ ಜಾಗದಲ್ಲೇ. ಯಾರೋ ಗಂಟಲು ಸರಿಮಾಡಿಕೊಂಡರು. ಶೆಟ್ಟೆವ್ವನ ಬೆರಳುಗಳು ರೇಣುವಿನ ತೋಳಿನಲ್ಲಿ ನೆಟ್ಟವು. ಅತ್ತೆ ಹೆದರಿದ್ದನ್ನು ರೇಣು ಎಂದೂ ಕಂಡಿರಲಿಲ್ಲ.

"ಏ ಯಶೋಧಾ!" ಶೆಟ್ಟೆವ್ವ ಒಮ್ಮೆಗೇ ಒದರಿದಳು. "ಹಿಂದ ಯಾಕ ಉಳಿದ್ಯೇ? ಸೀತವ್ವ, ಆ ಕುಡಗೋಲ ಹಿಡಕೊಂಡಾಕೀನ ಮುಂದ ಬಿಡು!"

ಅಲ್ಲಿ ಯಶೋಧೆ ಇರಲಿಲ್ಲ. ಸೀತವ್ವ ಹೂಲಿಯಲ್ಲಿ ಕೂಸಿಗೆ ನೀರು ಹಾಕುತ್ತಿದ್ದಳು. ರೇಣುವೂ ದನಿ ಎತ್ತಿದಳು. "ಬಂದರು ನೋಡ್ರಿ ಅತ್ತಿ! ಏ ಪ್ರಿಯಂವದಾ, ಲಗೂ ಬಾ! ವರದಾ, ಅಕಿನ್ನ ಬಿಟ್ಟ ಬರಬ್ಯಾಡ!"

ಹೆಸರುಗಳು ಕಬ್ಬಿನೊಳಗೆ ಹೋಗಿ ತಿರುಗಿ ಬಂದವು. ಇಬ್ಬರೂ ಕಾಲನ್ನು ಜೋರಾಗಿ ಅಪ್ಪಳಿಸುತ್ತಾ, ಒಬ್ಬರ ಮೇಲೊಬ್ಬರು ಒದರುತ್ತಾ, ಬೈಕಿನ ಪಕ್ಕದಿಂದಲೇ ಹಾದರು. ಬೀಡಿಯ ವಾಸನೆ ಮೂಗಿಗೆ ಬಡಿಯುವಷ್ಟು ಹತ್ತಿರ. ಯಾರೂ ಅಡ್ಡ ಬರಲಿಲ್ಲ. ಊರಿನ ಮೊದಲ ದೀಪ ಕಾಣುವತನಕ ಅವರು ಹೆಸರು ಕೂಗುವುದನ್ನು ನಿಲ್ಲಿಸಲಿಲ್ಲ.

ಬಾಗಿಲಲ್ಲಿ ಕಾಂತೇಶ ಕೇಳಿದ, "ಬೋರ್ಡ್ ನೋಡಿದೇನ ಯವ್ವಾ? ಹೆಂಗ ಹೊಳಿತೈತಿ?"

ರೇಣು ಹೊಸ್ತಿಲಲ್ಲೇ ನಿಂತಳು. ಶೆಟ್ಟೆವ್ವ ಕೊಡದಿಂದ ನೀರು ಬಗ್ಗಿಸಿಕೊಂಡು ಪೂರ್ತಿ ಕುಡಿದಳು.

"ಹೊಳಿತೈತಿ. ನಾಳಿಂದ ದಿನಾ ಸಂಜಿಕ ನಾನೂ ಅಲ್ಲಿತನಕ ಹೋಗಿ ಬರತೇನಿ, ಮಣಕಾಲಿಗಿ ಚಲೋ. ಬರೂದ ತಡಾ ಆದರ ಬುಟ್ಟ್ಯಾಗಿನ ಮುಂಜಾನಿ ರೊಟ್ಟಿ ತಿನ್ನು."

"ಆರಿದ್ದಾ?"

"ನಿನಗ ಕೈ ಇಲ್ಲೇನು? ಬಿಸಿ ಮಾಡಿಕೋ."

ಆ ರಾತ್ರಿಯ ಮಟ್ಟಿಗೆ ರೇಣು ಮತ್ತೆ ಹಂಚಿನ ಮುಂದೆ ಕೂತಳು. ರೊಟ್ಟಿ ದುಂಡಗೆ ಬರಲಿಲ್ಲ. ಕೆಲಸ ಉಳಿದಿತ್ತು. ಅಂದರೆ ನಾಳೆಯೂ ಆ ತಿರುವು ಇತ್ತು. ಬೈಕಿನವನೂ ಹೆಸರುಗಳನ್ನು ಕೇಳಿದ್ದಾನೆ. ನಾಳೆಯೂ ಅವೇ ಆದರೆ, ದನಿ ಎರಡೇ ಇವೆ ಎಂದು ಅವನಿಗೆ ಹೊಳೆಯಬಹುದು. ಹಿಟ್ಟು ತಟ್ಟುತ್ತಾ ಅವಳು ತೊರಗಲ್ಲಿನ ಓಣಿಯ ಮನೆಮನೆಗೂ ಹೊಕ್ಕು, ಚಿಕ್ಕಂದಿನ ಗೆಳತಿಯರ ಹೆಸರುಗಳನ್ನು ಒಂದೊಂದಾಗಿ ನೆನಪಿಸಿಕೊಳ್ಳತೊಡಗಿದಳು.